ಮೂರು ಸಲ ಸುಟ್ಟ ಮೋಟರ್

ನವನಗರ, ಬಾಗಲಕೋಟೆ

ತಂಗಿ,

ನಿನಗೆ ಕಾಕಾನ ಆಶೀರ್ವಾದ. ನಿನ್ನ ಅವ್ವ, ನಮ್ಮ ವೈನಿ, ದಿನಾ ನಿನಗೆ ಫೋನ್ ಮಾಡುತ್ತಾರೆ, ಗೊತ್ತು. ಆದರೆ ಊಟ ಆಯ್ತಾ, ಬೆಳಗಾವಿ ಮಳೆ ನಿಂತಿತಾ ಅನ್ನೋದರಲ್ಲೇ ಮಾತು ಮುಗಿಯುತ್ತದೆ. ಓದಿನ ಮಾತು ಅಲ್ಲಿ ಬರೋದಿಲ್ಲ. ಅದಕ್ಕೇ ಈ ಪತ್ರ.

ಕಂಪ್ಯೂಟರ್ ಸೀಟು ಸಿಗಲಿಲ್ಲ, ಎಲೆಕ್ಟ್ರಿಕಲ್ ಸಿಕ್ಕಿತು ಅಂತ ಬಸ್ ಹತ್ತುವಾಗಲೂ ಮುಖ ಗಂಟು ಹಾಕಿಕೊಂಡಿದ್ದೆ. ನಾನು ಆಗ ಏನೂ ಹೇಳಲಿಲ್ಲ. ನಾನು ಐಟಿಐ ಓದಿದವನು. ನಾನು ಓದು ಮುಗಿಸಿದಾಗ ನಿಮ್ಮ ಇಂಜಿನಿಯರಿಂಗ್ ವಿಶ್ವವಿದ್ಯಾಲಯ ವಿಟಿಯು ಇನ್ನೂ ಹುಟ್ಟಿರಲೇ ಇಲ್ಲ, ಅದು ಬಂದದ್ದು 1998ರಲ್ಲಿ. ಇಂಜಿನಿಯರ್ ಆಗುವವಳಿಗೆ ಸುಟ್ಟ ಮೋಟರಿಗೆ ತಂತಿ ಸುತ್ತುವ ವೈಂಡಿಂಗ್ ಅಂಗಡಿಯವನು ಏನು ಹೇಳೋದು ಅನ್ನಿಸಿತ್ತು. ಈಗ ಅನ್ನಿಸುತ್ತಿದೆ, ಒಂದು ಮಾತಂತೂ ನನ್ನ ಹತ್ತಿರ ಇದೆ, ಅದನ್ನು ನಾನು ದುಡ್ಡು ಕೊಟ್ಟು ಕಲಿತದ್ದು.

ನನ್ನ ಅಂಗಡಿ ಹೊಸದು ಆಗ. ಬೀಳಗಿ ಕಡೆಯ ರೈತರೊಬ್ಬರು ಬೋರಿನೊಳಗೆ ನೀರಲ್ಲಿ ಮುಳುಗಿಸುವ 5 ಎಚ್‌ಪಿ ಸಬ್‌ಮರ್ಸಿಬಲ್ ಮೋಟರ್ ತಂದರು. ಬಿಚ್ಚಿದರೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ, ಮೂರೂ ಫೇಸಿನ ಕಾಯಿಲ್ ಕಪ್ಪು. ಹೊಸದಾಗಿ ವೈಂಡಿಂಗ್ ಮಾಡಿ ಕೊಟ್ಟೆ. ಒಂದು ತಿಂಗಳಿಗೆ ಮತ್ತೆ ತಂದರು. ತಂತಿ ಸರಿ ಇರಲಿಲ್ಲವೇನೋ ಅಂದುಕೊಂಡು ಬೇರೆ ಕಡೆಯ ತಂತಿ ತರಿಸಿ ಸುತ್ತಿದೆ. ಮೂರನೇ ಸಲ ತಂದಾಗ ಅವರು ಬೈಯಲಿಲ್ಲ. ಮೋಟರ್ ಕೆಳಗಿಟ್ಟು ಸುಮ್ನೆ ಕೂತರು. ಬೈದಿದ್ದರೇ ಚೆನ್ನಾಗಿತ್ತು.

ಆ ಸಲ ದುಡ್ಡು ತಗೊಳ್ಳಲಿಲ್ಲ. ಸುತ್ತಿದ ಮೋಟರಿನ ಜೊತೆ ನಾನೇ ಹೊಲಕ್ಕೆ ಹೋದೆ. ಹೋದ ಮೇಲೆ ಗೊತ್ತಾಯಿತು, ಹಳೆ ಬೋರ್ ಬತ್ತಿ ಹೋಗಿ 400 ಮೀಟರ್ ಆಚೆ ಹೊಸ ಬೋರ್ ಹಾಕಿಸಿದ್ದರು. ಸ್ಟಾರ್ಟರ್ ಹಳೆ ಜಾಗದಲ್ಲೇ ಇತ್ತು. ಅಲ್ಲಿಂದ 2.5 ಚದರ ಮಿಲಿಮೀಟರಿನ ತಾಮ್ರದ ಕೇಬಲ್ ಎಳೆದಿದ್ದರು. ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.

ತ್ರೀ ಫೇಸ್ ಬಂತು, ಸುತ್ತಲಿನ ಪಂಪ್ ಎಲ್ಲ ಒಟ್ಟಿಗೆ ಶುರುವಾದವು. ಸ್ಟಾರ್ಟರ್ ಹತ್ತಿರ 415 ವೋಲ್ಟ್ ಇರಬೇಕಾದಲ್ಲಿ 375 ಇತ್ತು. ಬೋರಿನ ಬಾಯಲ್ಲಿ ನೋಡಿದರೆ 335. ತಂತಿ ಸುತ್ತ ಹಿಡಿದು ಕರೆಂಟ್ ಅಳೆಯುವ ಟಾಂಗ್ ಟೆಸ್ಟರ್ ಹಾಕಿದರೆ 8 ಆಂಪಿಯರ್ ಎಳೆಯಬೇಕಾದ ಮೋಟರ್ 10 ಎಳೆಯುತ್ತಿತ್ತು.

ಈಗ ನೀನು ಲೆಕ್ಕ ಹಾಕು. ಆ ಕೇಬಲ್ಲಿನ ತಡೆ, ಅಂದರೆ ರೆಸಿಸ್ಟೆನ್ಸ್, ಕಿಲೋಮೀಟರಿಗೆ ಹೆಚ್ಚುಕಡಿಮೆ 7.4 ಓಮ್. 400 ಮೀಟರಿಗೆ ಸುಮಾರು 3 ಓಮ್. 10 ಆಂಪಿಯರ್ ಹರಿದರೆ ಒಂದೊಂದು ತಂತಿಯಲ್ಲಿ 30 ವೋಲ್ಟ್ ಹೋಯಿತು. ತ್ರೀ ಫೇಸ್ ಅಂದಮೇಲೆ 1.73ರಿಂದ ಗುಣಿಸಬೇಕು, ಪವರ್ ಫ್ಯಾಕ್ಟರ್ (ವೋಲ್ಟೇಜಿಗಿಂತ ಕರೆಂಟ್ ಹಿಂದೆ ಬೀಳುವ ಲೆಕ್ಕ) ಹಿಡಿದು ಸ್ವಲ್ಪ ಕಳೆಯಬೇಕು. 40ರ ಹತ್ತಿರ ಬರುತ್ತದೆ ಅಲ್ವಾ? ಮೀಟರ್ ಹೇಳಿದ್ದೂ ಅದನ್ನೇ. ನೀರು ಎತ್ತುವ ಕೆಲಸ ಅಷ್ಟೇ ಇರುತ್ತದೆ, ವೋಲ್ಟೇಜ್ ಇಳಿದರೆ ಮೋಟರ್ ಕರೆಂಟ್ ಜಾಸ್ತಿ ಎಳೆಯುತ್ತದೆ. ಬಿಸಿ ಏರೋದು ಕರೆಂಟಿನ ವರ್ಗದಂತೆ. 8 ಇದ್ದಾಗ 64 ಆದರೆ 10 ಇದ್ದಾಗ 100. ನಾನು ಚಿನ್ನದ ತಂತಿ ಸುತ್ತಿದ್ದರೂ ಆ ಮೋಟರ್ ಸುಡುತ್ತಿತ್ತು.

ಈ ಲೆಕ್ಕ ಐಟಿಐಯಲ್ಲಿ ನನಗೆ ಬರುತ್ತಿತ್ತು. ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೆ. ಆದರೆ ಬಿಚ್ಚುವ ಮೊದಲು "ಇದು ಯಾಕೆ ಸುಟ್ಟಿರಬಹುದು, ಕರೆಂಟ್ ಎಷ್ಟು ಇದ್ದಿರಬಹುದು" ಅಂತ ಒಂದು ಸಲವೂ ನನ್ನನ್ನು ನಾನು ಕೇಳಿಕೊಂಡಿರಲಿಲ್ಲ. ಕೈ ಮುಂದೆ ಓಡುತ್ತಿತ್ತು, ತಲೆ ಹಿಂದೆ.

ಅದಕ್ಕೇ ಹೇಳೋದು, ಲ್ಯಾಬಿನಲ್ಲಿ ಸ್ವಿಚ್ ಹಾಕುವ ಮೊದಲು ಪುಟದ ಮೂಲೆಯಲ್ಲಿ ಪೆನ್ಸಿಲಿನಿಂದ ನಿನ್ನ ಅಂದಾಜು ಬರೆ. ಇಷ್ಟು ವೋಲ್ಟ್ ಬರಬೇಕು, ಇಷ್ಟು ಆಂಪಿಯರ್ ಬರಬೇಕು ಅಂತ. ಆಮೇಲೆ ಮೀಟರ್ ನೋಡು. ಎರಡೂ ಕೂಡಿದರೆ ಸರಿ. ಕೂಡದಿದ್ದರೆ ಊಟಕ್ಕೆ ತಡವಾದರೂ ಪರವಾಗಿಲ್ಲ, ಅಲ್ಲೇ ನಿಲ್ಲು. ಸೀನಿಯರ್‌ಗಳ ಹಳೆ ರೆಕಾರ್ಡ್ ಸಿಗುತ್ತದೆ, ಅದರಲ್ಲಿ ಎಲ್ಲ ರೀಡಿಂಗ್ ನೀಟಾಗಿ ಇರುತ್ತದೆ, ಎಲ್ಲರೂ ಅದನ್ನೇ ಇಳಿಸುತ್ತಾರೆ. ನನ್ನ ಅಂಗಡಿಗೆ ಕೆಲಸ ಕಲಿಯಲು ಬಂದ ಹುಡುಗರನ್ನು ನೋಡಿದ್ದೇನಲ್ಲ, ಹಾಗೆ ಇಳಿಸಿದವರಿಗೆ ಮೀಟರ್ ತಪ್ಪು ತೋರಿಸಿದರೂ ತಿಳಿಯೋದಿಲ್ಲ. ಸಿ ಪ್ರೋಗ್ರಾಂ ಬರೆದಾಗಲೂ ಹೀಗೇ ಮಾಡು. ಓಡಿಸುವ ಮೊದಲು ಏನು ಪ್ರಿಂಟ್ ಆಗುತ್ತದೆ ಅಂತ ಕಾಗದದ ಮೇಲೆ ಬರೆ.

ಕಂಪ್ಯೂಟರ್ ವಿಷಯಕ್ಕೆ ಬಂದೆ ನೋಡು. ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ ಕರೆಂಟ್ ತಯಾರಿಸುವ ಸ್ಥಾವರ ಇದೆಯಲ್ಲ, ಅಲ್ಲಿ 800 ಮೆಗಾವ್ಯಾಟಿನ ಮೂರು ಯೂನಿಟ್ ಇವೆ. ಕಂಟ್ರೋಲ್ ರೂಮಿನಲ್ಲಿ ಕೂತವರ ಮುಂದೆ ಸ್ಕ್ರೀನುಗಳೇ. ಲೈನ್ ಫಾಲ್ಟ್ ಆದರೆ ಬ್ರೇಕರ್ ಬೀಳಿಸುವ ರಿಲೇ ಒಳಗೂ ಈಗ ಪ್ರೋಗ್ರಾಂ ಓಡುತ್ತದೆ. ಅದನ್ನು ಬರೆಯುವವರು ಕರೆಂಟ್ ಗೊತ್ತಿದ್ದವರೇ ಆಗಬೇಕು. ಇನ್ನೊಂದು, ಅಲ್ಲಿಂದ ಹೊರಡುವ ಲೈನಿಗೆ 4 ಲಕ್ಷ ವೋಲ್ಟ್ ಯಾಕೆ? ಆ ಬೋರಿನ ಲೆಕ್ಕವೇ. ವೋಲ್ಟೇಜ್ ಎರಡು ಪಟ್ಟು ಮಾಡಿದರೆ ಅಷ್ಟೇ ಪವರಿಗೆ ಕರೆಂಟ್ ಅರ್ಧ, ತಂತಿಯಲ್ಲಿ ಸುಟ್ಟು ಹೋಗೋದು ಕಾಲು ಭಾಗ.

ಪಾಠ ಇಂಗ್ಲಿಷಿನಲ್ಲಿ ನಡೆಯುತ್ತದೆ, ಮೊದಮೊದಲು ತಲೆ ಮೇಲೆ ಹೋಗುತ್ತದೆ. ಹೋಗಲಿ. ಗೊತ್ತಿರುವ ಕನ್ನಡದಲ್ಲೇ ಯೋಚನೆ ಮಾಡು, ಹೆಸರು ಮಾತ್ರ ಅವರದ್ದು ಕಲಿ. ಗಣಿತ ಮಾತ್ರ ಬಾಕಿ ಉಳಿಸಬೇಡ, ಮುಂದಿನ ಸೆಮಿಸ್ಟರ್ ಅದರ ಮೇಲೇ ನಿಂತಿರುತ್ತದೆ.

ಟೆಸ್ಟರನ್ನು ಸುಮ್ನೆ ನಂಬಬೇಡ. ಕರೆಂಟ್ ಇರುವ ಪಾಯಿಂಟಿನಲ್ಲಿ ಅದು ಹತ್ತುತ್ತದಾ ನೋಡು, ಆಮೇಲೆ ಮುಟ್ಟಬೇಕಾದ ಜಾಗ ನೋಡು, ಮತ್ತೆ ಮೊದಲಿನದನ್ನು ನೋಡು. ಕಂಡೆನ್ಸರ್ ಒಳಗೆ ಕರೆಂಟ್ ತುಂಬಿಟ್ಟುಕೊಳ್ಳುತ್ತದೆ, ಆಫ್ ಮಾಡಿದ ಮೇಲೂ ಹೊಡೆಯುತ್ತದೆ. ನನ್ನ ಎಡಗೈ ಹೆಬ್ಬೆರಳ ಕಲೆ ನೀನು ನೋಡಿದ್ದೀಯಲ್ಲ, ಅದು ಇದೇ.

ಅಣ್ಣನ ಕೈಯಲ್ಲಿ ನನ್ನ ಹಳೆ ಮಲ್ಟಿಮೀಟರ್ ಕಳಿಸುತ್ತಿದ್ದೇನೆ. ಒಳಗೆ 9 ವೋಲ್ಟಿನ ಬ್ಯಾಟರಿ ಹೊಸದು ಹಾಕಿದ್ದೇನೆ. ಹಾಸ್ಟೆಲ್ ರೂಮಿನ ಸಾಕೆಟ್‌ನಲ್ಲಿ ಬೆಳಗ್ಗೆ 6ಕ್ಕೆ ಎಷ್ಟು, ಎಲ್ಲರೂ ಗೀಸರ್ ಹಾಕಿದ ಮೇಲೆ 7ಕ್ಕೆ ಎಷ್ಟು ಅಂತ ನೋಡಿ ನನಗೆ ತಿಳಿಸು. ಅಂದಾಜು ಮೊದಲು ಬರೆ, ಅದನ್ನೂ ಕಳಿಸು. ಎಸಿ ಕಡೆ ನಾಬ್ ತಿರುಗಿಸಿಯೇ ಕಡ್ಡಿ ಹಾಕಬೇಕು, ಮತ್ತು ಕೆಂಪು ವೈರ್ ಆಂಪಿಯರ್ ತೂತಿನಲ್ಲಿ ಇರಬಾರದು.

ನಿನ್ನ ಕಾಕಾ