ಅವನನ್ನು ಕೋಲಾರಕ್ಕೆ ಕಳಿಸಬೇಡಿ, ಪುಟ್ಟಿ

ಪ್ರೀತಿಯ ಪುಟ್ಟಿ,

ಅಪ್ಪನ ಆಶೀರ್ವಾದಗಳು. ನೀನು ಫೋನ್ ಮಾಡಿದಾಗ ಅಂಗಡಿ ತುಂಬ ಗಿರಾಕಿಗಳಿದ್ದರು. ಔಷಧಿ ಕೊಡುತ್ತಾ ಇಂಥ ವಿಷಯ ಮಾತಾಡಲು ಆಗುತ್ತಾ? ಅದಕ್ಕೇ ಕೂತು ಬರೆಯುತ್ತಿದ್ದೇನೆ. ಅಳಿಯಂದಿರಿಗೂ ಓದಿ ಹೇಳು. ಸಾಧ್ಯವಾದರೆ ಬೀಗಿತ್ತಿಗೂ.

ಮಾತ್ರೆ ಚಟ ಹತ್ತಿರುವ ನಿನ್ನ ಮೈದುನನನ್ನು ಒಂದೆರಡು ತಿಂಗಳು ನಮ್ಮ ಮನೆಯಲ್ಲಿ ಇಟ್ಟುಕೊಳ್ಳಿ ಅಂತ ಬೀಗರು ಕೇಳಿದ್ದಾರೆ. ಕುಂದಾಪುರದಲ್ಲಿ ಎಲ್ಲರೂ ಗುರುತಿನವರು, ಕೋಲಾರದಲ್ಲಾದರೆ ಯಾರಿಗೂ ಗೊತ್ತಾಗಲ್ಲ, ಗಾಳಿ ಬದಲಾದರೆ ಹುಡುಗ ಸರಿಹೋಗುತ್ತಾನೆ ಅನ್ನೋದು ಅವರ ಲೆಕ್ಕ. ನಿಮ್ಮಮ್ಮ ಆಗಲೇ ಮಹಡಿ ರೂಮು ಗುಡಿಸಿ ಹಾಸಿಗೆ ಹಾಕಿದ್ದಾಳೆ. ದಿನಾ ಬೆಳಿಗ್ಗೆ ಅಂತರಗಂಗೆ ಬೆಟ್ಟ ಹತ್ತಿಸಿ ಅನ್ನುತ್ತಿದ್ದಾಳೆ. ಅವನು ನಮಗೆ ಭಾರ ಅಂತಲ್ಲ. ಆದರೂ ಬೇಡ ಅಂತಲೇ ಹೇಳುತ್ತೇನೆ.

ನೀನು ಕಳಿಸಿದ ಫೋಟೋ ದೊಡ್ಡದು ಮಾಡಿ ನೋಡಿದೆ. ಸ್ಟ್ರಿಪ್ಪಿನ ಮೇಲೆ ಕಂಪನಿ ಹೆಸರು ಹರಿದಿದೆ. ಕೆಳಗೆ ಸಣ್ಣಕ್ಷರದಲ್ಲಿ ಟಪೆಂಟಡಾಲ್ ಅಂತ ಇದೆ. ಜೋರು ನೋವಿಗೆ ಡಾಕ್ಟರು ಬರೆಯುವ ಮಾತ್ರೆ, ಅಫೀಮಿನ ಜಾತಿಯದು. ಪಕ್ಕದಲ್ಲಿ ಸಿರಿಂಜ್ ಇದೆ ಅಂದರೆ ಪುಡಿ ಮಾಡಿ, ನೀರಲ್ಲಿ ಕಲಸಿ, ನರಕ್ಕೆ ಚುಚ್ಚಿಕೊಳ್ಳುತ್ತಿರಬೇಕು. ನುಂಗಲು ಮಾಡಿದ ಮಾತ್ರೆಯಲ್ಲಿ ಔಷಧಿಯ ಜೊತೆ ಗಟ್ಟಿ ಮಾಡಲು ಹಾಕಿದ ಬೇರೆ ಪುಡಿಗಳೂ ಇರುತ್ತವೆ. ಅವು ರಕ್ತಕ್ಕೆ ಹೋದರೆ ನಾಳ ಕಟ್ಟುತ್ತದೆ, ಕೈಯಲ್ಲಿ ಕೀವು ತುಂಬುತ್ತದೆ. ಆ ಸೆಕೆಯಲ್ಲೂ ತುಂಬುತೋಳಿನ ಅಂಗಿ ಬಿಚ್ಚಲ್ಲ ಅಂದೆಯಲ್ಲ, ಅದಕ್ಕೆ ಇರಬಹುದು. ಸ್ಟ್ರಿಪ್ಪು ಎಸೆಯಬೇಡ. ಡಾಕ್ಟರಿಗೆ ತೋರಿಸಬೇಕು.

ಇಂಥ ಹುಡುಗರು ಇಲ್ಲೂ ಇದ್ದಾರೆ, ಪುಟ್ಟಿ. ಎದುರಿನ ಟೀ ಅಂಗಡಿಯಲ್ಲಿ ನಿಂತು ಕಾಯುತ್ತಾರೆ. ನನ್ನ ಅಂಗಡಿ ಖಾಲಿಯಾದ ಮೇಲೆ ಬಂದು, "ಅಂಕಲ್, ಅಜ್ಜಿಗೆ ಮಂಡಿನೋವು" ಅಂತ ಇದೇ ಮಾತ್ರೆ ಕೇಳುತ್ತಾರೆ. ಚೀಟಿ ಕೇಳಿದರೆ ಮನೆಯಲ್ಲಿದೆ, ತರ್ತೀನಿ ಅಂತ ಹೋದವರು ಮತ್ತೆ ಬರಲ್ಲ. ಇದೇ ಥರದ ನೋವಿನ ಮಾತ್ರೆ ಟ್ರಮಡಾಲ್ 2018ರಲ್ಲಿ ಮಾದಕ ವಸ್ತು ತಡೆಯುವ ಎನ್‌ಡಿಪಿಎಸ್ ಕಾನೂನಿನ ಕೆಳಗೆ ಬಂತು. ಅದು ಬಿಗಿಯಾದ ಮೇಲೆ ಇದನ್ನು ಕೇಳುವವರು ಜಾಸ್ತಿಯಾದರು. ನಾನು ಕೊಡದಿದ್ದರೆ ಕೊಡುವವನೊಬ್ಬ ಇದ್ದೇ ಇರುತ್ತಾನೆ. ನಿನ್ನ ಮೈದುನ ವಾರದೊಳಗೆ ಅವನನ್ನು ಹುಡುಕುತ್ತಾನೆ.

ಅಮ್ಮನ ಬಳೆ ಕದ್ದ ಅಂತ ಮನೆಯಲ್ಲಿ ಮಾತು ಬಿಟ್ಟಿದ್ದಾರೆ ಅಂದೆ. ಮೊದಮೊದಲು ಮಜಾಕ್ಕೇ ತೆಗೆದುಕೊಂಡಿರುತ್ತಾನೆ. ಆಮೇಲೆ ಮೈ ಅದಕ್ಕೆ ಒಗ್ಗಿಹೋಗುತ್ತದೆ, ಅದೇ ಗುಂಗಿಗೆ ಇನ್ನೂ ಜಾಸ್ತಿ ಬೇಕಾಗುತ್ತದೆ. ಸಿಗದಿದ್ದರೆ ಆಕಳಿಕೆ, ಕಣ್ಣು ಮೂಗಲ್ಲಿ ನೀರು, ರೋಮ ನಿಮಿರುವ ಚಳಿ, ಕಾಲಿನ ಮೂಳೆ ಮುರಿದಂಥ ನೋವು, ಭೇದಿ. ರಾತ್ರಿಯಿಡೀ ನಿದ್ದೆ ಇಲ್ಲ. ಬಳೆ ತೆಗೆದದ್ದು ಆ ಸಂಕಟದ ಭಯಕ್ಕೆ. ಕದ್ದದ್ದು ಸರಿ ಅಂತ ಹೇಳುತ್ತಿಲ್ಲ. ಬೈದರೆ ಆ ಸಂಕಟ ಹೋಗಲ್ಲ ಅಷ್ಟೇ.

ರೂಮಿಗೆ ಹಾಕಿ ಬೀಗ ಜಡಿದರೆ ವಾರ ಹತ್ತು ದಿನದಲ್ಲಿ ಇದರ ಜೋರು ಇಳಿಯುತ್ತದೆ, ನಿಜ. ಮುಖ ತಿಳಿಯಾಗುತ್ತದೆ, ಊಟ ಸೇರುತ್ತದೆ. ಎಲ್ಲರೂ ವಾಸಿಯಾಯಿತು ಅಂದುಕೊಳ್ಳುತ್ತಾರೆ. ನನಗೆ ಹೆದರಿಕೆ ಇರುವುದೇ ಇಲ್ಲಿ. ಅಷ್ಟರಲ್ಲಿ ಮೈ ಹಳೇ ಪ್ರಮಾಣ ತಡೆಯುವ ಶಕ್ತಿ ಕಳೆದುಕೊಂಡಿರುತ್ತದೆ, ಆಸೆ ಮಾತ್ರ ಹಾಗೇ ಇರುತ್ತದೆ. ಊರಿಗೆ ವಾಪಸ್ ಬಂದು, ಹಳೇ ಗೆಳೆಯರ ಜೊತೆ ಮೊದಲಿನಷ್ಟೇ ಚುಚ್ಚಿಕೊಂಡರೆ ಉಸಿರೇ ನಿಲ್ಲಬಹುದು. ಇದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿಡು: ಕರೆದರೆ ಏಳದೆ, ಉಸಿರು ನಿಧಾನವಾಗಿ, ತುಟಿ ನೀಲಿಯಾಗಿ, ಕಣ್ಣಿನ ಪಾಪೆ ಗುಂಡುಸೂಜಿ ತಲೆಯಷ್ಟಾಗಿದ್ದರೆ ತಕ್ಷಣ 108ಕ್ಕೆ ಫೋನ್ ಮಾಡಿ. ಒಂದು ಮಗ್ಗುಲಿಗೆ ಮಲಗಿಸಿ. ಏನು ತೆಗೆದುಕೊಂಡಿದ್ದ ಅಂತ ಮುಚ್ಚಿಡಬೇಡಿ. ನಲಾಕ್ಸೋನ್ ಅನ್ನುವ ಇಂಜೆಕ್ಷನ್ ಹೊತ್ತಿಗೆ ಸರಿಯಾಗಿ ಕೊಟ್ಟರೆ ಉಸಿರು ಮರಳುತ್ತದೆ.

ಚಿಕಿತ್ಸೆ ಇದೆ. ಅಫೀಮಿನ ಜಾತಿಯ ಚಟಕ್ಕೆ ಬುಪ್ರೆನಾರ್ಫಿನ್ ಅಂತ ಮಾತ್ರೆ, ನಾಲಿಗೆ ಕೆಳಗೆ ಇಟ್ಟು ಕರಗಿಸಬೇಕು. ಸಂಕಟ, ಚಡಪಡಿಕೆ ಎರಡೂ ತಗ್ಗುತ್ತವೆ, ಮನುಷ್ಯ ಕೆಲಸಕ್ಕೆ ಹೋಗಬಹುದು. ನನ್ನಂಥವನ ಅಂಗಡಿಯಲ್ಲಿ ಸಿಗುವುದಲ್ಲ. ಮನೋವೈದ್ಯರು ನೋಡಿ, ಅಳತೆ ಕೂಡಿಸಿ, ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಕೊಡುತ್ತಾರೆ. ಒಂದು ಚಟ ಬಿಡಿಸಿ ಇನ್ನೊಂದು ಹಿಡಿಸ್ತಾರೆ ಅಂತ ಬೀಗರು ಗೊಣಗಬಹುದು. ಗೊಣಗಲಿ. ಪೂರ್ತಿ ಬಿಟ್ಟವರಿಗೆ ನಾಲ್ಟ್ರೆಕ್ಸೋನ್ ಅನ್ನುವ ಬೇರೆ ಮಾತ್ರೆ ಇದೆ. ಯಾವುದು ಅಂತ ಡಾಕ್ಟರೇ ಹೇಳಲಿ. ಜೊತೆಗೆ ಗಾಂಜಾವನ್ನೂ ಸೇದುತ್ತಿದ್ದರೆ, ಅದಕ್ಕೆಂದೇ ಇಂಥ ಮಾತ್ರೆ ಇಲ್ಲ, ಕೌನ್ಸೆಲಿಂಗೇ ದಾರಿ. ಸೂಜಿ ಹಂಚಿಕೊಂಡಿರಬಹುದು, ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಮಾಡಿಸಲೇಬೇಕು. ಸರ್ಕಾರಿ ಆಸ್ಪತ್ರೆಯ ಐಸಿಟಿಸಿ, ಅಂದರೆ ಸಲಹೆ ಕೊಟ್ಟು ರಕ್ತ ಪರೀಕ್ಷೆ ಮಾಡುವ ಕೇಂದ್ರದಲ್ಲಿ ಎಚ್‌ಐವಿ ಪರೀಕ್ಷೆಗೆ ದುಡ್ಡಿಲ್ಲ.

ತಿಂಗಳುಗಟ್ಟಲೆ ಅಂದೆನಲ್ಲ, ಅದಕ್ಕೇ ಕೋಲಾರ ಬೇಡ ಅನ್ನುವುದು. ಚಿಕಿತ್ಸೆ ಅವನ ಮನೆಗೆ ಹತ್ತಿರ ಇರಬೇಕು. ಇಲ್ಲಿಯವರೂ ದೂರ ಹೋಗುವ ತಪ್ಪೇ ಮಾಡುತ್ತಾರೆ. ಜಿಲ್ಲಾಸ್ಪತ್ರೆ ಸಾಲಿನಲ್ಲಿ ಪಕ್ಕದ ಮನೆಯವರು ನೋಡಿಬಿಟ್ಟರೆ ಅಂತ ಬೆಂಗಳೂರಿಗೆ ಹೋಗುತ್ತಾರೆ. ಮೊದಲ ಸಲ ಕಾರು ಮಾಡಿಕೊಂಡು, ಎರಡನೇ ಸಲ ಬಸ್ಸಿನಲ್ಲಿ, ಮೂರನೇ ಸಲಕ್ಕೆ ಹೊಲದಲ್ಲಿ ಟೊಮೆಟೊ ಕೊಯ್ಲು ಅಂತ ನಿಂತುಬಿಡುತ್ತಾರೆ. ನಿಮ್ಹಾನ್ಸ್ ದೊಡ್ಡ ಆಸ್ಪತ್ರೆ, ಚಟಗಳಿಗೇ ಬೇರೆ ವಿಭಾಗ ಇದೆ, ಇಲ್ಲ ಅನ್ನಲ್ಲ. ಆದರೆ ನಿಮಗೆ ಮಣಿಪಾಲದ ಕಸ್ತೂರಬಾ ಆಸ್ಪತ್ರೆ, ಉಡುಪಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆ ಎರಡೂ ಗಂಟೆಯ ಹಾದಿ. ಅದನ್ನು ಬಿಟ್ಟು ರಾತ್ರಿಯಿಡೀ ಬಸ್ಸಲ್ಲಿ ಘಾಟಿ ಹತ್ತಿ ಬರುವುದು ಯಾವ ಬುದ್ಧಿ? ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ನೋಡುವ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಅಂತ ಸರ್ಕಾರ ಶುರುಮಾಡಿತ್ತು, ನಿಮ್ಮಲ್ಲಿ ಹೇಗೆ ನಡೆಯುತ್ತದೆ ಅಂತ ವಿಚಾರಿಸು. ಹೋಗಲು ಸಂಕೋಚವಾದರೆ ಮೊದಲು 14416ಕ್ಕೆ ಫೋನ್ ಮಾಡು, ಟೆಲಿ ಮಾನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ. ಚಟಕ್ಕೆಂದೇ ಇರುವ ಸಹಾಯವಾಣಿ 14446.

ನಾಚಿಕೆಯ ಮಾತಿಗೆ ಒಂದು ಲೆಕ್ಕ ಹೇಳುತ್ತೇನೆ. ಕೇಂದ್ರ ಸರ್ಕಾರ, ದೆಹಲಿಯ ಏಮ್ಸ್ ಆಸ್ಪತ್ರೆ ಸೇರಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಅಕ್ರಮ ಮಾದಕ ವಸ್ತುಗಳಿಗೆ ದಾಸರಾದ 20 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿದೆ. ನಾಚಿಕೆಗೆ ಮುಚ್ಚಿಟ್ಟು ನಮ್ಮ ಹುಡುಗನೂ ಉಳಿದ ಹತ್ತೊಂಬತ್ತು ಜನರ ಲೆಕ್ಕಕ್ಕೆ ಸೇರುವುದು ಬೇಡ.

ಪೊಲೀಸರ ಭಯ ಬೀಗರಿಗೆ ಜಾಸ್ತಿ ಇದ್ದ ಹಾಗಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ರೋಗಿಯ ವಿಷಯ ಗುಟ್ಟಾಗಿಡಬೇಕು ಅಂತ ಇದೆ. ಗಾಂಜಾ ಸೇದಿದ್ದಕ್ಕೋ ಸ್ವಲ್ಪ ಇಟ್ಟುಕೊಂಡಿದ್ದಕ್ಕೋ ಸಿಕ್ಕಿಬಿದ್ದವನು ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಇರುವ ಕಡೆ ಚಿಕಿತ್ಸೆಗೆ ಸೇರಿ ಮುಗಿಸಿದರೆ, ಎನ್‌ಡಿಪಿಎಸ್ ಕಾನೂನಿನ 64ಎ ಕಲಮು ಅವನಿಗೆ ರಕ್ಷಣೆ ಕೊಡುತ್ತದೆ. ಮಾರುವವನಿಗೆ ಕೊಡಲ್ಲ.

ಯಾರೋ ಹೇಳಿದ ಆ ವ್ಯಸನಮುಕ್ತಿ ಕೇಂದ್ರಕ್ಕೆ ಸುಮ್ನೆ ಸೇರಿಸಿಬಿಡಬೇಡಿ. ನೋಂದಣಿ ಇದೆಯಾ, ಮನೋವೈದ್ಯರು ಬರುತ್ತಾರಾ, ಮನೆಯವರನ್ನು ನೋಡಲು ಬಿಡುತ್ತಾರಾ, ಕೇಳಿ. ಸರಪಳಿ ಹಾಕುವುದು ಆ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ನಿಷಿದ್ಧ. ಬಸ್ ಸ್ಟ್ಯಾಂಡ್ ಗೋಡೆಯಲ್ಲಿ "ಗೊತ್ತಾಗದಂತೆ ಊಟದಲ್ಲಿ ಬೆರೆಸಿ ಚಟ ಬಿಡಿಸಿ" ಅಂತ ಪೋಸ್ಟರ್ ಇರುತ್ತದಲ್ಲ, ಅದರ ತಂಟೆಗೂ ಹೋಗಬೇಡಿ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆ ತಿಂದದ್ದು ಗೊತ್ತಿಲ್ಲದೆ ಮೇಲೆ ಕುಡಿದರೆ ಜೀವಕ್ಕೇ ಕುತ್ತು.

ನಿನ್ನ ಕೆಲಸ ಇಷ್ಟೇ. ಕೈಗೆ ದುಡ್ಡು ಕೊಡಬೇಡ, ಊಟ ಕೊಡು. ಗುಂಗಿನಲ್ಲಿದ್ದಾಗ ಬುದ್ಧಿ ಹೇಳಬೇಡ. ಮಾತ್ರೆ ಶುರುವಾದ ಮೇಲೂ ಒಂದೆರಡು ಸಲ ಜಾರಬಹುದು. ನಿಮ್ಮಮ್ಮ ಯುಗಾದಿಗೆ ಹೋಳಿಗೆ ತಿಂದು ಶುಗರ್ ಏರಿಸಿಕೊಂಡಾಗ ನಾವು ಡಾಕ್ಟರನ್ನೇ ಬಿಟ್ಟೆವಾ? ಹಾಗೇ ಇದೂ. ಆ ವಾರವೇ ಮತ್ತೆ ಕರೆದುಕೊಂಡು ಹೋಗಿ.

ಅವನನ್ನು ಒಪ್ಪಿಸುವುದು ನಿನ್ನ ಪಾಲು. ಆ ಮನೆಯಲ್ಲಿ ಅತ್ತಿಗೆ ಮಾತಿಗೆ ಅವನು ಇನ್ನೂ ಬೆಲೆ ಕೊಡುತ್ತಾನೆ. ಬೀಗರ ಜೊತೆ ಮಾತು ನನ್ನ ಪಾಲು. ಮಣಿಪಾಲಕ್ಕೆ ಮೊದಲ ಸಲ ಹೋಗುವಾಗ ನಾನೂ ಬರುತ್ತೇನೆ, ಅಂಗಡಿ ನಿನ್ನ ತಮ್ಮ ನೋಡಿಕೊಳ್ಳುತ್ತಾನೆ. ಯಾವತ್ತು ಅಂತ ಎರಡು ದಿನ ಮುಂಚೆ ತಿಳಿಸು, ಬಸ್ಸಿಗೆ ಸೀಟು ಹಿಡಿಯಬೇಕು.

ನಿನ್ನ
ಅಪ್ಪ