ಬ್ಯಾಟರಿ ಪದೇ ಪದೇ ಡೌನ್ ಆಗುತ್ತಿದ್ದ ಬಗ್ಗೆ ದೂರು

ಇವರಿಗೆ,
ಸರ್ವಿಸ್ ಮ್ಯಾನೇಜರ್,
ಕಾರ್ ಸರ್ವಿಸ್ ಸೆಂಟರ್, ಶಿವಮೊಗ್ಗ

ವಿಷಯ: ಕಾರಣ ಹುಡುಕದೆ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಭಾಗ) ಬದಲಿಸಿದ್ದು, ಹಣ ವಾಪಸ್ ಕೋರಿ

ಮಾನ್ಯರೇ,

ಎರಡು ತಿಂಗಳಲ್ಲಿ ಮೂರು ಸಲ ನನ್ನ ಕಾರನ್ನು ನಿಮ್ಮಲ್ಲಿಗೆ ತಂದಿದ್ದೇನೆ. ಮೂರು ಸಲವೂ ಒಂದೇ ತೊಂದರೆ. ಶುಕ್ರವಾರ ಸಂಜೆ ನಿಲ್ಲಿಸಿದ ಗಾಡಿ ಸೋಮವಾರ ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ. ಕೀ ತಿರುಗಿಸಿದರೆ ಟಕ್ ಟಕ್ ಅನ್ನುತ್ತದೆ, ಅಷ್ಟೇ. ತಳ್ಳಿ ತಳ್ಳಿ ಸಾಕಾಗಿ ಎದುರುಮನೆ ಹುಡುಗರು ಈಗ ನನ್ನನ್ನು ಕಂಡರೆ ಒಳಗೆ ಹೋಗಿಬಿಡುತ್ತಾರೆ.

ಮೊದಲ ಸಲ ಹೊಸ ಬ್ಯಾಟರಿ ಹಾಕಿದಿರಿ. ಹಳೆಯದಕ್ಕೆ ನಾಲ್ಕು ವರ್ಷ ಆಗಿತ್ತು, ಒಪ್ಪಿದೆ. ಎರಡನೇ ಸಲ ಆಲ್ಟರ್ನೇಟರ್ ಬದಲಿಸಿದಿರಿ. ಬಿಲ್ 11,400 ರೂಪಾಯಿ. ಮೂರನೇ ಸಲ ನಿಮ್ಮ ಅಡ್ವೈಸರ್, "ನೀವು ಗಾಡಿ ಜಾಸ್ತಿ ಓಡಿಸಲ್ಲ ಸಾರ್, ಅದಕ್ಕೇ" ಎಂದರು. ವಾರದಲ್ಲಿ ಐದು ದಿನ ಭದ್ರಾವತಿಗೆ ಹೋಗಿ ಬರುವವನಿಗೆ ಈ ಮಾತು!

ಕೊನೆಗೆ ನಮ್ಮ ಬೀದಿಯ ಆಟೋ ಎಲೆಕ್ಟ್ರಿಷಿಯನ್‌ಗೆ ತೋರಿಸಿದೆ. ಅವರು ಏನನ್ನೂ ಬದಲಿಸುವ ಮಾತಾಡಲಿಲ್ಲ, ಮೊದಲು ಮೀಟರ್ ತೆಗೆದರು. ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ ನಡುವೆ ಮೀಟರ್ ಸೇರಿಸಿದರು. ಬಾಗಿಲಿನ ಲಾಕನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ, ಬಾಗಿಲು ಮುಚ್ಚಿದೆ ಎಂದು ಗಾಡಿಯನ್ನೇ ನಂಬಿಸಿದರು. ಒಳಗಿನ ಕಂಪ್ಯೂಟರ್‌ಗಳೆಲ್ಲ ಮಲಗಲಿ ಎಂದು ಅರ್ಧ ಗಂಟೆ ಕಾದೆವು. ಆಮೇಲೂ ಮೀಟರ್ 0.32 ಆಂಪಿಯರ್ ತೋರಿಸುತ್ತಿತ್ತು. ನಿಂತ ಗಾಡಿ 0.05 ಆಂಪಿಯರ್‌ಗಿಂತ ಜಾಸ್ತಿ ಕರೆಂಟ್ ಎಳೆಯಬಾರದಂತೆ. ಒಂದೊಂದೇ ಫ್ಯೂಸ್ ಕೀಳುತ್ತಾ ಹೋದರು. ಡ್ಯಾಶ್‌ಕ್ಯಾಮ್ (ರಸ್ತೆ ರೆಕಾರ್ಡ್ ಮಾಡುವ ಕ್ಯಾಮೆರಾ) ಸೇರಿಸಿದ್ದ ಫ್ಯೂಸ್ ಕಿತ್ತ ತಕ್ಷಣ 0.03ಕ್ಕೆ ಇಳಿಯಿತು.

ಆ ಡ್ಯಾಶ್‌ಕ್ಯಾಮ್ ಕೂರಿಸಿದವರು ನೀವೇ. ಕೀ ಆಫ್ ಮಾಡಿದರೆ ಕರೆಂಟ್ ನಿಲ್ಲುವ ಲೈನಿಗೆ ಕೊಡುವ ಬದಲು ಸದಾ ಕರೆಂಟ್ ಇರುವ ಲೈನಿಗೆ ಕೊಟ್ಟಿದ್ದೀರಿ. ಬಿಡದೆ 0.32 ಆಂಪಿಯರ್ ಎಳೆದರೆ ದಿನಕ್ಕೆ ಸುಮಾರು 7.7 ಆಂಪಿಯರ್ ಅವರ್ (ಬ್ಯಾಟರಿಯ ಚಾರ್ಜ್ ಅಳೆಯುವ ಲೆಕ್ಕ). ನನ್ನದು 35 ಆಂಪಿಯರ್ ಅವರ್‌ನ ಬ್ಯಾಟರಿ. ಎರಡೂವರೆ ದಿನದಲ್ಲಿ ಅರ್ಧಕ್ಕಿಂತ ಜಾಸ್ತಿ ಖಾಲಿ. ಸೋಮವಾರದ ಲೆಕ್ಕ ಸರಿಹೋಯಿತು ಅಲ್ವಾ?

ನನಗೆ ನಿಜವಾಗಿ ಸಿಟ್ಟು ಬಂದಿದ್ದು ಮನೆಗೆ ಬಂದು ನಿಮ್ಮ ಜಾಬ್ ಕಾರ್ಡ್ ತೆಗೆದು ನೋಡಿದಾಗ. ಹಳೆಯ ಆಲ್ಟರ್ನೇಟರ್ ಬಿಚ್ಚುವ ಮೊದಲು ನಿಮ್ಮ ಮೆಕ್ಯಾನಿಕ್ಕೇ ಬರೆದಿದ್ದಾರೆ: "ಎಂಜಿನ್ ಚಾಲೂ, 14.1 ವೋಲ್ಟ್." ಇದು ಸರಿಯಾಗಿ ಚಾರ್ಜ್ ಮಾಡುತ್ತಿರುವ ಆಲ್ಟರ್ನೇಟರ್‌ನ ರೀಡಿಂಗ್. ಅದರ ಕೆಳಗಿನ ಸಾಲಿನಲ್ಲೇ "ಆಲ್ಟರ್ನೇಟರ್ ಬದಲಿಸಿದೆ" ಎಂದಿದೆ. ಬರೆದವರು ಓದಲಿಲ್ಲವೇ, ಓದಿಯೂ ಸುಮ್ನೆ ಬದಲಿಸಿದರೇ?

ಆಲ್ಟರ್ನೇಟರ್‌ನ 11,400 ರೂಪಾಯಿ ಮತ್ತು ವೈರಿಂಗ್ ಸರಿಮಾಡಲು ನಾನು ಕೊಟ್ಟ 300 ರೂಪಾಯಿ ವಾಪಸ್ ಕೊಡಿ. ಹೊಸ ಬ್ಯಾಟರಿ ಇಷ್ಟು ಸಲ ಅರ್ಧಕ್ಕಿಂತ ಕೆಳಗೆ ಇಳಿದು ಒಳಗಿನ ಪ್ಲೇಟ್‌ಗಳಿಗೆ ಪೆಟ್ಟಾಗಿರಬಹುದು. ಅದನ್ನು ನನ್ನೆದುರೇ ಲೋಡ್ ಟೆಸ್ಟ್ (ಜಾಸ್ತಿ ಕರೆಂಟ್ ಎಳೆದು ಬ್ಯಾಟರಿಯ ಶಕ್ತಿ ನೋಡುವ ಪರೀಕ್ಷೆ) ಮಾಡಿ, ಫಲಿತಾಂಶ ಬರೆದುಕೊಡಿ. ಕೆಟ್ಟಿದ್ದರೆ ಬದಲಿಸಿ. ವಾರಂಟಿಗೆ ಬರುವುದಿಲ್ಲ ಎನ್ನಬೇಡಿ, ಕೆಡಿಸಿದ್ದು ನಾನಲ್ಲ.

15 ದಿನದೊಳಗೆ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು, ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗುತ್ತೇನೆ. ಶನಿವಾರ ಗಾಡಿ ತರುತ್ತೇನೆ. ಈ ಸಲ ತಳ್ಳಿಕೊಂಡು ಅಲ್ಲ.

ಇಂತಿ,
ನಿಮ್ಮ ಗ್ರಾಹಕ

ಲಗತ್ತು: ಮೂರು ಜಾಬ್ ಕಾರ್ಡ್, ಎರಡು ಬಿಲ್, ಡ್ಯಾಶ್‌ಕ್ಯಾಮ್ ಕೂರಿಸಿದ ರಸೀದಿ, ಮೀಟರ್ ರೀಡಿಂಗ್‌ನ ಫೋಟೋ