ಜೊತೆ ಓಟದಲ್ಲಿ ಅರ್ಧ ಹೆಜ್ಜೆಯ ಲೆಕ್ಕ

ಮಾನ್ಯ ಸಂಪಾದಕರೇ,

ಮ್ಯಾರಥಾನ್ ತಯಾರಿ ಕುರಿತ ನಿಮ್ಮ ಲೇಖನ, ದೂರದ ಓಟಕ್ಕೆ ಜೊತೆಗಾರರನ್ನು ಹುಡುಕಿಕೊಳ್ಳಿ ಎಂದು ಹೇಳಿ ಅಲ್ಲಿಗೇ ಮುಗಿಸಿದೆ. ಸಲಹೆ ಸರಿಯೇ. ಆದರೆ ಯಾರ ವೇಗಕ್ಕೆ ಯಾರು ಓಡಬೇಕೆಂದು ಮೊದಲೇ ಮಾತಾಡಿಕೊಳ್ಳದಿದ್ದರೆ ಎತ್ತು ಏರಿಗೆ, ಕೋಣ ನೀರಿಗೆ ಎಳೆದಂತಾಗುತ್ತದೆ.

ಲಾಂಗ್ ರನ್, ಅಂದರೆ ತರಬೇತಿಯ ದೂರದ ಓಟವನ್ನು, ಸ್ಪರ್ಧೆಯ ವೇಗಕ್ಕಿಂತ ಕಿ.ಮೀ.ಗೆ ಸುಮಾರು 45ರಿಂದ 75 ಸೆಕೆಂಡು ನಿಧಾನವಾಗಿ ಓಡಬೇಕು. ಮ್ಯಾರಥಾನಿನ 42.195 ಕಿ.ಮೀ.ಯನ್ನು 4 ಗಂಟೆಯಲ್ಲಿ ಮುಗಿಸುವ ಗುರಿ ಇರುವವರ ಸ್ಪರ್ಧಾ ವೇಗ ಕಿ.ಮೀ.ಗೆ 5 ನಿಮಿಷ 41 ಸೆಕೆಂಡು. 4 ಗಂಟೆ 15 ನಿಮಿಷದವರದು 6 ನಿಮಿಷ 3 ಸೆಕೆಂಡು. ಇಬ್ಬರೂ 6 ನಿಮಿಷ 50 ಸೆಕೆಂಡಿಗೆ ಓಡಿದರೆ ಯಾರ ತರಬೇತಿಯೂ ಕೆಡುವುದಿಲ್ಲ. ಕಾಲು ಗಂಟೆಯ ಅಂತರ ಹೀಗೆ ಸುಲಭವಾಗಿ ಮುಚ್ಚಿಹೋಗುತ್ತದೆ, ಆದರೆ ನಿಧಾನದವರ ವೇಗವನ್ನೇ ಹಿಡಿಯಬೇಕು.

ಕೆಡುವುದು ಅರ್ಧ ಹೆಜ್ಜೆಯಿಂದ. ಒಬ್ಬರ ಭುಜ ಇನ್ನೊಬ್ಬರ ಭುಜಕ್ಕಿಂತ ಗೇಣುದ್ದ ಮುಂದೆ ಹೋಗುತ್ತದೆ. ಹಿಂದುಳಿದವರು ಸಮಕ್ಕೆ ಬರಲು ಸ್ವಲ್ಪ ಚುರುಕಾಗುತ್ತಾರೆ, ಅದನ್ನು ಕೇಳಿ ಮುಂದಿನವರು ಮತ್ತೆ ಗೇಣು ಮುಂದೆ. ಯಾರೂ ಬೇಕೆಂದು ಮಾಡಿದ್ದಲ್ಲ. ಆದರೂ 15ನೇ ಕಿ.ಮೀ. ಹೊತ್ತಿಗೆ ಇಬ್ಬರೂ ನಿಗದಿಗಿಂತ ಕಿ.ಮೀ.ಗೆ 20 ಸೆಕೆಂಡು ಜೋರಾಗಿರುತ್ತಾರೆ. ವೇಗ ಏರಿದಷ್ಟೂ ಸ್ನಾಯುಗಳಲ್ಲಿ ಕೂಡಿಟ್ಟ ಇಂಧನವಾದ ಗ್ಲೈಕೋಜನ್ ಬೇಗ ಕರಗುತ್ತದೆ, ಕೊನೆಯ ಎಂಟು ಹತ್ತು ಕಿ.ಮೀ. ಕಾಲೆಳೆದುಕೊಂಡು ಬರಬೇಕಾಗುತ್ತದೆ. ಪ್ರತಿ ಕಿ.ಮೀ.ಗೂ ವಾಚು ನೋಡಿ ವೇಗವನ್ನು ಬಾಯಿಬಿಟ್ಟು ಹೇಳುವ ಕೆಲಸ ನಿಧಾನದವರಿಗೇ ಇರಲಿ.

‘ಮಾತಾಡುತ್ತಾ ಓಡಲಾದರೆ ವೇಗ ಸರಿ’ ಎಂಬ ಪರೀಕ್ಷೆಯೂ ಇಬ್ಬರಿದ್ದಾಗ ಮೋಸ ಮಾಡುತ್ತದೆ. ಸಾಮಾನ್ಯವಾಗಿ ಕಸುವಿದ್ದವರು ಮಾತಾಡುತ್ತಾರೆ, ಇನ್ನೊಬ್ಬರು ‘ಹ್ಞೂಂ’ ಎನ್ನುತ್ತಿರುತ್ತಾರೆ. ಕಥೆ ಹೇಳುವ ಸರದಿಯನ್ನು ಆ ಹ್ಞೂಂಗುಟ್ಟುವವರಿಗೆ ಕೊಟ್ಟು ನೋಡಿ, ನಿಜ ಗೊತ್ತಾಗುತ್ತದೆ.

ಒಬ್ಬರದು 4 ಗಂಟೆ, ಇನ್ನೊಬ್ಬರದು 5 ಗಂಟೆ ಎಂದಾದರೆ ಪೂರ್ತಿ ದೂರ ಒಟ್ಟಿಗೆ ಓಡುವ ಹಟ ಬೇಡ. 5 ಕಿ.ಮೀ. ಸುತ್ತೊಂದನ್ನು ಗುರುತು ಮಾಡಿಕೊಳ್ಳಿ. ವೇಗದವರು 10 ನಿಮಿಷ ಮೊದಲು ಹೊರಟು ಕಿ.ಮೀ.ಗೆ 6 ನಿಮಿಷ 30 ಸೆಕೆಂಡಿನಂತೆ ನಾಲ್ಕು ಸುತ್ತು ಮುಗಿಸಲಿ. ನಿಧಾನದವರು 8 ನಿಮಿಷದಂತೆ ಮೂರು ಸುತ್ತು ಹಾಕುವಷ್ಟರಲ್ಲಿ ಇಬ್ಬರೂ ಒಂದೇ ಹೊತ್ತಿಗೆ ಅದೇ ಜಾಗದಲ್ಲಿರುತ್ತಾರೆ. ಉಳಿದ ಎರಡು ಸುತ್ತು ಒಟ್ಟಿಗೆ, 8 ನಿಮಿಷದ ವೇಗದಲ್ಲಿ. ಒಬ್ಬರಿಗೆ 30 ಕಿ.ಮೀ., ಇನ್ನೊಬ್ಬರಿಗೆ 25. ಜೊತೆ ಬೇಕಾಗುವುದೇ ಕೊನೆಯಲ್ಲಿ, ಮೊದಲ ಹತ್ತು ಕಿ.ಮೀ. ಯಾರು ಬೇಕಾದರೂ ಒಬ್ಬರೇ ಓಡಿಯಾರು. 2019ರ ಅಕ್ಟೋಬರ್ 12ರಂದು ವಿಯೆನ್ನಾದಲ್ಲಿ ಕೀನ್ಯಾದ ಓಟಗಾರ ಎಲಿಯುಡ್ ಕಿಪ್ಚೋಗೆ ಮ್ಯಾರಥಾನ್ ದೂರವನ್ನು 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಓಡಿದಾಗ ಜೊತೆಗಿದ್ದ 41 ಪೇಸರ್‌ಗಳೂ (ವೇಗ ಕಾಯ್ದುಕೊಡಲು ಜೊತೆ ಓಡುವವರು) ಸರದಿಯಂತೆ ಬಂದು ಹೋದವರೇ. (ವಿಶ್ವದಾಖಲೆಯೆಂದು ಅದಕ್ಕೆ ಮಾನ್ಯತೆ ಸಿಗದಿರಲು ಆ ಸರದಿಯೂ ಒಂದು ಕಾರಣ. ತರಬೇತಿಗೆ ಆ ಅಡ್ಡಿ ಇಲ್ಲವಲ್ಲ!)

ತಿನ್ನುವುದು ಕುಡಿಯುವುದರಲ್ಲಿ ಮಾತ್ರ ಜೊತೆಗಾರರನ್ನು ಅನುಸರಿಸಬಾರದು. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಓಟದ ನಡುವೆ ಸೇವಿಸುವ ಬಹುಪಾಲು ಎನರ್ಜಿ ಜೆಲ್‌ಗಳಲ್ಲಿ 20–25 ಗ್ರಾಂ ಇರುತ್ತದೆ. ಒಂದನ್ನೇ ಹಂಚಿಕೊಂಡರೆ ಇಬ್ಬರಿಗೂ ಸಾಲದು. ಬೆವರು ಒಬ್ಬೊಬ್ಬರದು ಒಂದೊಂದು ಬಗೆ. ಓಟದ ಮುಂಚೆ, ಆಮೇಲೆ ತೂಕ ನೋಡಿಕೊಳ್ಳಿ: ಒಂದು ಕಿಲೋ ಇಳಿದಿದ್ದರೆ ಕುಡಿದಿದ್ದಕ್ಕಿಂತ ಸುಮಾರು ಒಂದು ಲೀಟರ್ ಹೆಚ್ಚು ಬೆವರು ಹೋಗಿದೆ ಎಂದರ್ಥ. ತೂಕ ಏರಿದ್ದರೆ ಅತಿಯಾಗಿ ಕುಡಿದಿದ್ದೀರಿ. ಹಾಗೆ ಕುಡಿದಾಗ ರಕ್ತದಲ್ಲಿ ಸೋಡಿಯಂ ಇಳಿಯುವುದು ಬಾಯಾರಿಕೆಗಿಂತ ದೊಡ್ಡ ಅಪಾಯ.

ಜೊತೆಯಲ್ಲಿರುವಾಗ ನೋವು ಮುಚ್ಚಿಡುವ ಚಾಳಿಯೂ ಉಂಟು. ಓಡುವವರಿಗಿಂತ ಮೊದಲು ಪಕ್ಕದವರ ಕಿವಿಗೆ ಅದು ಗೊತ್ತಾಗುತ್ತದೆ: ಎರಡೂ ಪಾದಗಳ ಸದ್ದು ಒಂದೇ ಸಮ ಇದ್ದದ್ದು, ಒಂದು ಕಡೆ ‘ಟಪ್’ ಎಂದು ಜೋರಾಗಿ ಬೀಳತೊಡಗುತ್ತದೆ. ಹೆಜ್ಜೆಯ ಲಯ ಬದಲಿಸುವಂಥ ನೋವಾದರೆ ಆ ಸುತ್ತಿಗೇ ಓಟ ನಿಲ್ಲಬೇಕು. ತಲೆಸುತ್ತು, ಅಸಂಬದ್ಧ ಮಾತು ಕಂಡರೆ ಜೊತೆಗಾರರೂ ನಿಂತು, ಒಂಟಿಯಾಗಿ ಬಿಡದೆ ನೆರವು ಕರೆಸಬೇಕು.

30–32 ಕಿ.ಮೀ.ಯ ಕೊನೆಯ ಲಾಂಗ್ ರನ್ ಸ್ಪರ್ಧೆಗೆ ಮೂರು ವಾರ ಮುಂಚೆ ಮುಗಿದಿರಲಿ. ಸ್ಪರ್ಧೆಯಲ್ಲಿ ಎಲ್ಲಿಯವರೆಗೆ ಜೊತೆ, ಯಾವ ಕಿ.ಮೀ. ಕಲ್ಲಿನಿಂದಾಚೆ ಅವರವರ ದಾರಿ ಅವರವರಿಗೆ ಎಂಬ ಒಪ್ಪಂದವನ್ನು ಆ ದಿನವೇ ಮಾಡಿಕೊಳ್ಳಿ. 35ನೇ ಕಿ.ಮೀ.ಯಲ್ಲಿ ಆ ಮಾತು ಎತ್ತಲು ಯಾರಿಗೂ ಬಾಯಿ ಬರುವುದಿಲ್ಲ.

ಇಂತಿ,
ದೂರ ಓಟದ ತರಬೇತುದಾರರು